ಬಂಡೆಯ ಮೇಲೆ ಬರೆಯದ ವಾಕ್ಯ

ಮಟಮಾರಿಯವರು ಇದ್ದೀರಿ, ರಾಯಚೂರಿಂದ ರೈಲಿಗೆ ಬಂದವರು ಇದ್ದೀರಿ, ಮಾನ್ವಿ, ದೇವದುರ್ಗದವರು ಇದ್ದೀರಿ, ಬೆಂಗಳೂರಿಂದ ರಜೆಗೆ ಬಂದ ಮಕ್ಕಳೂ ಇದ್ದೀರಿ. ಮಕ್ಕಳು ಅಂದೆ ಅಂತ ಬೇಜಾರು ಮಾಡ್ಕೋಬೇಡಿ.

ಇವತ್ತು ಒಂದು ಪ್ರಶ್ನೆ ತಗೊಂಡು ಬಂದಿದ್ದೀನಿ. ಬೆಂಗಳೂರಲ್ಲಿ ಕೆಲಸ ಮಾಡುವ ಒಬ್ಬ ತಮ್ಮ ಕೇಳಿದ್ದು. ಫೋನಲ್ಲಿ ಒಂದು ವಿಡಿಯೋ ನೋಡಿದ್ದನಂತೆ. "ಪಾಸ್ಟರ್, ಮಾರ್ಕನ ಸುವಾರ್ತೆಯ ಕೊನೆಯ 12 ವಚನಗಳು ಹಳೇ ಪ್ರತಿಗಳಲ್ಲಿ ಇಲ್ಲವಂತೆ. ಅನ್ಯಭಾಷೆಗೆ ನಾವು ಮೊದಲು ತೋರಿಸೋದೇ ಆ ಭಾಗ. ಅದೇ ಇಲ್ಲ ಅಂದ್ರೆ ಉಳಿದದ್ದನ್ನ ಹೆಂಗೆ ನಂಬೋದು?" ಎರಡು ತಿಂಗಳಿಂದ ಅವನು ಸತ್ಯವೇದ ತೆರೆದಿರಲಿಲ್ಲ. ಸಿಟ್ಟಿನಿಂದಲ್ಲ, ಭಯದಿಂದ. ತೆರೆದರೆ ಇನ್ನೇನು ಬಿದ್ದುಹೋಗುತ್ತೋ ಅಂತ.

ಇಂಥ ಪ್ರಶ್ನೆ ಬಂದರೆ "ಇದು ಸೈತಾನನ ಕೆಲಸ, ಪ್ರಾರ್ಥನೆ ಮಾಡು" ಅಂತ ಹೇಳಿ ಕಳಿಸೋದು ಸುಲಭ. ನಾನು ಹಾಗೆ ಹೇಳೋದಿಲ್ಲ. ಯಾಕಂದ್ರೆ ಆ ವಿಡಿಯೋದಲ್ಲಿ ಹೇಳಿದ ಸಂಗತಿ ನಿಜ. 4ನೇ ಶತಮಾನದ ಎರಡು ದೊಡ್ಡ ಗ್ರೀಕ್ ಹಸ್ತಪ್ರತಿಗಳಿವೆ. ಒಂದು ಸೀನಾಯಿ ಬೆಟ್ಟದ ಮಠದಲ್ಲಿ ಸಿಕ್ಕಿದ್ದು, ಇನ್ನೊಂದು ವ್ಯಾಟಿಕನ್‌ನಲ್ಲಿರುವುದು. ಎರಡರಲ್ಲೂ ಮಾರ್ಕನ ಸುವಾರ್ತೆ 16ನೇ ಅಧ್ಯಾಯದ 8ನೇ ವಚನಕ್ಕೆ ಮುಗಿಯುತ್ತೆ. ಇನ್ನೊಂದು ಮಾತೂ ನಿಜ: ಅವೆರಡಕ್ಕಿಂತ ಮುಂಚೆ, 2ನೇ ಶತಮಾನದಲ್ಲೇ, ಸಭೆಯ ಹಿರಿಯನಾದ ಐರೇನಿಯಸ್ ಈ ಕೊನೆಯ ಭಾಗದ ಒಂದು ವಚನವನ್ನು ಮಾರ್ಕನದೆಂದೇ ಹೇಳುತ್ತಾನೆ. ಆಮೇಲಿನ ಹೆಚ್ಚಿನ ಪ್ರತಿಗಳಲ್ಲಿ ಅದು ಇದೆ. ಅಂದರೆ ಭಾಗ ಬಹಳ ಹಳೆಯದು, ಆದರೆ ಎಲ್ಲ ಹಳೇ ಪ್ರತಿಗಳಲ್ಲೂ ಇಲ್ಲ. ಇದನ್ನ ಕಂಡುಹಿಡಿದವರು ನಮ್ಮ ವಿರೋಧಿಗಳಲ್ಲ. ಸತ್ಯವೇದವನ್ನು ಪ್ರೀತಿಸಿದವರೇ ಪ್ರತಿ ಪಕ್ಕ ಪ್ರತಿ ಇಟ್ಟು ಓದಿ ಕಂಡುಕೊಂಡು, ಅಡಿಟಿಪ್ಪಣಿಯಲ್ಲಿ ಬರೆದಿಟ್ಟರು. ಎಷ್ಟೋ ಮುದ್ರಣಗಳಲ್ಲಿ ಅದು ಪುಟದ ಕೆಳಗೇ ಇದೆ. ನಾವು ಓದೋದಿಲ್ಲ, ಅಷ್ಟೇ.

ಅನ್ಯಭಾಷೆಯ ವಿಷಯ ಬೇಗ ಮುಗಿಸುತ್ತೀನಿ. ಅಪೊಸ್ತಲರ ಕೃತ್ಯಗಳು 2, 10, 19 ತೆಗೀರಿ. 1 ಕೊರಿಂಥ 12ರಿಂದ 14 ತೆಗೀರಿ. ಆ ವರ ಒಂದೇ ಮೊಳೆಗೆ ನೇತು ಹಾಕಿದ ಚಿತ್ರವಲ್ಲ.

ತಮ್ಮನ ನಿಜವಾದ ಪ್ರಶ್ನೆ ಇನ್ನೂ ಆಳದ್ದು. ದೇವರ ವಾಕ್ಯ ಅಂದ ಮೇಲೆ ಮನುಷ್ಯರ ಕೈ ಗುರುತು ಅದರಲ್ಲಿ ಯಾಕಿರಬೇಕು? ದೇವರು ಅಳಿಸಲಾಗದ ಹಾಗೆ ಒಂದೇ ಸಲ ಬರೆದು ಕೊಡಬಹುದಿತ್ತಲ್ಲ?

ನಮ್ಮ ಜಿಲ್ಲೆಯಲ್ಲೇ ಮಸ್ಕಿ ಇದೆ. ಶಾಲೆಯಲ್ಲಿ ಎಲ್ಲರೂ ಓದಿದ್ದೀರಿ, ಹೋಗಿ ನೋಡಿದವರು ಎಷ್ಟು ಜನವೋ ಗೊತ್ತಿಲ್ಲ. ಅಶೋಕನ ಶಾಸನ. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಚಕ್ರವರ್ತಿ ತನ್ನ ಮಾತು ಉಳೀಬೇಕು ಅಂತ ಬಂಡೆಯ ಮೇಲೆ ಕೆತ್ತಿಸಿದ. ಬಂಡೆ ಉಳಿಯಿತು. ಓದುವವರು ಉಳಿಯಲಿಲ್ಲ. ಬ್ರಾಹ್ಮಿ ಲಿಪಿಯನ್ನೇ ಜನ ಮರೆತುಬಿಟ್ಟರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನ ಬಿಡಿಸಿದ, 1915ರಲ್ಲಿ ಮಸ್ಕಿಯ ಬಂಡೆ ಕಣ್ಣಿಗೆ ಬಿತ್ತು, ಆಗ 'ದೇವಾನಾಂಪ್ರಿಯ' ಅನ್ನುವವನು ಅಶೋಕನೇ ಅಂತ ಖಚಿತವಾಯಿತು. ಅಷ್ಟು ಶತಮಾನ ಸುತ್ತಲ ಊರಿನವರಿಗೆ ಅದು ಬರೀ ಕಲ್ಲು.

ದೇವರೂ ಒಮ್ಮೆ ಕಲ್ಲಿನ ಮೇಲೆ ಬರೆದನು, ಹೌದಾ ಇಲ್ವಾ? ಆ ಮೊದಲ ಹಲಗೆಗಳು ಬೆಟ್ಟದ ಬುಡದಲ್ಲೇ ಒಡೆದುಹೋದವು. ಒಡೆದವನು ಮೋಶೆಯೇ. ಎರಡನೇ ಜೊತೆ ಹಲಗೆಗಳೂ ಇವತ್ತು ನಮ್ಮ ಹತ್ತಿರ ಇಲ್ಲ. ಪೌಲನ ಕೈಯಿಂದ ಹೋದ ಒಂದು ಮೂಲ ಪತ್ರವೂ ಇಲ್ಲ. ಆದರೆ ಹತ್ತು ಆಜ್ಞೆಗಳು ಸಂಡೇ ಸ್ಕೂಲಿನ ಮಗುವಿನ ಬಾಯಲ್ಲಿವೆ. ದೇವರು ತನ್ನ ವಾಕ್ಯವನ್ನು ಕಲ್ಲಿಗೆ ಒಪ್ಪಿಸಿ ಸುಮ್ಮನಾಗಲಿಲ್ಲ, ಜನರಿಗೆ ಒಪ್ಪಿಸಿದನು. ಜನ ಅಂದ ಮೇಲೆ ನಕಲು ಮಾಡುವಾಗ ಒಂದು ಸಾಲು ತಪ್ಪುತ್ತೆ, ಒಂದು ಅಕ್ಷರ ಜಾರುತ್ತೆ. ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳೇ 5000ಕ್ಕೂ ಹೆಚ್ಚು. ಕ್ಲಾಸ್ ನೋಟ್ಸ್ ನೆನಪು ಮಾಡ್ಕೊಳ್ಳಿ. ಒಬ್ಬನದೇ ನೋಟ್ಸ್ ಇದ್ದರೆ ತಪ್ಪು ಯಾವುದು ಅಂತ ಯಾರಿಗೂ ತಿಳಿಯಲ್ಲ. ನಲವತ್ತು ಜನರದು ಪಕ್ಕಪಕ್ಕ ಇಟ್ಟರೆ ಯಾರು ಎಲ್ಲಿ ನಿದ್ದೆ ಹೋದರು ಅನ್ನೋದೂ ಗೊತ್ತಾಗುತ್ತೆ, ಮೇಷ್ಟ್ರು ಏನು ಹೇಳಿದರು ಅನ್ನೋದೂ ಗೊತ್ತಾಗುತ್ತೆ.

ಈಗ ಯೆರೆಮೀಯ 36 ತೆರೆಯಿರಿ. ಯೆರೆಮೀಯ ಹೇಳುತ್ತಾನೆ, ಬಾರೂಕ ಶಾಯಿಯಲ್ಲಿ ಬರೆಯುತ್ತಾನೆ. ಸುರುಳಿ ಅರಮನೆಗೆ ಹೋಗುತ್ತೆ. ಚಳಿಗಾಲ, ರಾಜ ಯೆಹೋಯಾಕೀಮನ ಮುಂದೆ ಅಗ್ಗಿಷ್ಟಿಕೆ ಉರಿಯುತ್ತಿದೆ. ಓದುವವನು ಮೂರು ನಾಲ್ಕು ಅಂಕಣ ಓದುತ್ತಿದ್ದಂತೆ ರಾಜ ಅಷ್ಟನ್ನೂ ಚಾಕುವಿನಿಂದ ಕೊಯ್ದು ಬೆಂಕಿಗೆ ಹಾಕುತ್ತಾನೆ. ಪೂರ್ತಿ ಸುರುಳಿ ಬೂದಿ. ದೇವರು ಬೆಂಕಿ ಆರಿಸಲಿಲ್ಲ, ನೋಡಿದ್ದೀರಾ? ಇನ್ನೊಂದು ಸುರುಳಿ ತಗೋ, ಮತ್ತೆ ಬರೆ ಅಂದನು. ಬಾರೂಕ ಮತ್ತೆ ಕೂತ. ಎರಡನೆಯದರಲ್ಲಿ ಮೊದಲಿನ ಮಾತುಗಳೆಲ್ಲ ಇದ್ದವು, ಜೊತೆಗೆ ಅಂಥ ಇನ್ನೂ ಅನೇಕ ಮಾತುಗಳು ಸೇರಿದವು. ನಿಮ್ಮ ಕೈಲಿರೋದು ಆ ಎರಡನೇ ಸುರುಳಿಯಿಂದ ಬಂದದ್ದು.

ಕನ್ನಡ ಸತ್ಯವೇದಕ್ಕೂ ಇಂಥದೇ ಕಥೆ ಇದೆ. 1812ರ ಮಾರ್ಚ್ 11ರ ರಾತ್ರಿ ಬಂಗಾಳದ ಶ್ರೀರಾಂಪುರದಲ್ಲಿ ವಿಲಿಯಂ ಕ್ಯಾರಿಯವರ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕಾಗದ, ಅಚ್ಚಿನ ಮೊಳೆಗಳು, ವರ್ಷಗಟ್ಟಲೆ ಕೂತು ಬರೆದ ಅನುವಾದಗಳು ಸುಟ್ಟುಹೋದವು. ಅದರಲ್ಲಿ ಕನ್ನಡ ಹೊಸ ಒಡಂಬಡಿಕೆಯ ಕೈಬರಹವೂ ಇತ್ತು. ಅವರೂ ಮತ್ತೆ ಕೂತರು. 1820ರ ದಶಕದಲ್ಲಿ ಅದು ಅಚ್ಚಾಯಿತು. ಅದೇ ಹೊತ್ತಿಗೆ ಈ ಕಡೆ ಬಳ್ಳಾರಿಯಲ್ಲಿ — ನಮ್ಮ ಸ್ಟೇಷನ್ನಿಂದ ಗುಂತಕಲ್ ಮೇಲೆ ಹೋದರೆ ಸಿಗುವ ಬಳ್ಳಾರಿ — 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರು ಕನ್ನಡ ಕಲಿತು, ಬರೆದು, ತಿದ್ದಿ, ಸುಮಾರು ಇಪ್ಪತ್ತು ವರ್ಷ ದುಡಿದು ಇಡೀ ಸತ್ಯವೇದವನ್ನು ಕನ್ನಡಕ್ಕೆ ತಂದರು. ಆಮೇಲೆ ಬಂದವರು ಅದನ್ನೂ ತಿದ್ದಿದರು.

ಹಾಗಾದ್ರೆ ಇದು ದೇವರ ಮಾತಾ, ಮನುಷ್ಯರ ಮಾತಾ? 2 ತಿಮೊಥೆಯ 3:16ರಲ್ಲಿ ಪೌಲ ಶಾಸ್ತ್ರವೆಲ್ಲ ದೇವರ ಉಸಿರಿನಿಂದ ಬಂದದ್ದು ಅನ್ನುತ್ತಾನೆ. ಅದೇ ಪತ್ರದಲ್ಲಿ, ಒಂದು ಅಧ್ಯಾಯ ದಾಟಿದರೆ, ತ್ರೋವ ಊರಲ್ಲಿ ಬಿಟ್ಟುಬಂದ ಮೇಲಂಗಿ ತಗೊಂಡು ಬಾ ಅನ್ನುತ್ತಾನೆ. ಸೆರೆಮನೆಯಲ್ಲಿ ಚಳಿ. 1 ಕೊರಿಂಥ 1ರಲ್ಲಿ ತಾನು ಯಾರ್ಯಾರಿಗೆ ದೀಕ್ಷಾಸ್ನಾನ ಕೊಟ್ಟೆ ಅನ್ನೋದೇ ಅವನಿಗೆ ಸರಿಯಾಗಿ ನೆನಪಾಗಲ್ಲ. ರೋಮಾಪುರದ ಪತ್ರದ ಕೊನೆಗೆ ಬರೆದುಕೊಂಡವನಾದ ತೆರ್ತ್ಯ ನಡುವೆ ಬಾಯಿ ಹಾಕಿ ತನ್ನ ವಂದನೆಯನ್ನೂ ಸೇರಿಸುತ್ತಾನೆ! ಲೂಕ ದರ್ಶನ ಕಂಡೆ ಅನ್ನಲ್ಲ, ವಿಚಾರಿಸಿ ಬರೆದೆ ಅನ್ನುತ್ತಾನೆ. ಇವರು ಯಂತ್ರಗಳಲ್ಲ. ಅವರ ನೆನಪು, ಚಳಿ, ಭಾಷೆ ಎಲ್ಲವನ್ನೂ ಪವಿತ್ರಾತ್ಮನು ಹಾಗೇ ಎತ್ತಿಕೊಂಡು ನಡೆಸಿದನು. ವಾಕ್ಯವಾಗಿದ್ದಾತನು ಶರೀರಧಾರಿಯಾಗಿ ಗೋದಲಿಯಲ್ಲಿ ಮಲಗಿದನು ಅಂತ ನಂಬುವವರಿಗೆ ಇದು ಕಷ್ಟ ಆಗಬಾರದು.

ಪಂಚಾಶತ್ತಮ ದಿನದಲ್ಲಿ ಏನಾಯಿತು ಅಂತ ನಾವೇ ಅಲ್ವಾ ಎಲ್ಲರಿಗಿಂತ ಜಾಸ್ತಿ ಹೇಳೋದು? ಆತ್ಮನು ಬಂದಾಗ ಬಂದವರಿಗೆಲ್ಲ ಇಬ್ರಿಯ ಕಲಿಸಲಿಲ್ಲ. ಒಬ್ಬೊಬ್ಬರಿಗೂ ಅವರವರ ಹುಟ್ಟಿದೂರಿನ ಭಾಷೆಯಲ್ಲೇ ಕೇಳಿಸಿತು. ಇಲ್ಲಿ ಅರ್ಧ ಜನರ ಕೈಲಿ ತೆಲುಗು ಬೈಬಲ್ ಇದೆ, ಅರ್ಧ ಜನರ ಕೈಲಿ ಕನ್ನಡದ್ದು. ಎರಡನ್ನೂ ನಾವು ದೇವರ ವಾಕ್ಯ ಅಂತೀವಿ, ಸಂಕೋಚವಿಲ್ಲದೆ.

ಇದನ್ನ ಸರಿಯಾಗಿ ತಿಳ್ಕೊಳ್ಳದಿದ್ದರೆ ಎರಡು ಕಡೆ ಅಪಾಯ. ತಮ್ಮನ ಹಾಗೆ ಹೆದರಿ ಮುಚ್ಚಿಡೋದು ಒಂದು. ಇನ್ನೊಂದು ಸತ್ಯವೇದವನ್ನು ತಾಯಿತ ಮಾಡಿಕೊಳ್ಳೋದು. ದಿಂಬಿನ ಕೆಳಗೆ ಇಡ್ತೀವಿ, ಕಣ್ಣು ಮುಚ್ಚಿ ಬೆರಳಿಟ್ಟು ಕೆಲಸ ಬಿಡಬೇಕಾ ಬೇಡವಾ ಅಂತ ನೋಡ್ತೀವಿ. ಅಮೆರಿಕದಲ್ಲಿ ಜಾರ್ಜ್ ಹೆನ್ಸ್ಲಿ ಅನ್ನುವ ಪೆಂತೆಕೋಸ್ತ್ ಬೋಧಕ ಮಾರ್ಕ 16ರ ಹಾವಿನ ಮಾತನ್ನ ಹಿಡಿದು ಆರಾಧನೆಯಲ್ಲೇ ವಿಷದ ಹಾವು ಹಿಡಿಯುತ್ತಿದ್ದ. 1955ರಲ್ಲಿ ಹಾವು ಕಚ್ಚಿಯೇ ಸತ್ತ. ಮೆಲೀತೆ ದ್ವೀಪದಲ್ಲಿ ಪೌಲನಿಗೂ ಹಾವು ಕಚ್ಚಿತು, ಏನೂ ಆಗಲಿಲ್ಲ. ಆದರೆ ಪೌಲ ಹಾವು ಹುಡುಕಿಕೊಂಡು ಹೋಗಿರಲಿಲ್ಲ. ನೆನೆದು ಬಂದವರಿಗೆ ಬೆಂಕಿ ಮಾಡಲು ಕಟ್ಟಿಗೆ ಕೂಡಿಸುತ್ತಿದ್ದ.

ಯಾರಾದರೂ ನಿಮ್ಮ ತಲೆ ಮೇಲೆ ಕೈಯಿಟ್ಟು "ಕರ್ತನು ಹೇಳ್ತಾ ಇದ್ದಾನೆ, ಈ ಹುಡುಗನನ್ನೇ ಮದುವೆ ಆಗು" ಅಂದರೆ ಏನು ಮಾಡ್ತೀರಿ? ಪ್ರವಾದನೆಯನ್ನು ತಾತ್ಸಾರ ಮಾಡಬೇಡಿ, ಆದರೆ ಎಲ್ಲವನ್ನೂ ಪರೀಕ್ಷಿಸಿ ಅಂತ ಥೆಸಲೊನೀಕದವರಿಗೆ ಪೌಲ ಬರೆದ. ಯಾವುದರಿಂದ ಪರೀಕ್ಷಿಸ್ತೀರಿ, ಪುಸ್ತಕ ಮುಚ್ಚಿಟ್ಟರೆ? ನಾನು ಇಲ್ಲಿ ನಿಂತು ಹೇಳಿದ್ದನ್ನೂ ಹಾಗೇ ಪರೀಕ್ಷಿಸಬೇಕು. ಬೆರೋಯದವರು ಪೌಲನ ಬೋಧನೆಯನ್ನೇ ದಿನಾ ಶಾಸ್ತ್ರ ತೆರೆದು ಸರಿನೋಡಿದರು, ಅದಕ್ಕೆ ಅವರಿಗೆ ಒಳ್ಳೇ ಹೆಸರು ಬಂತು.

ಈ ವಾರ ಮಾರ್ಕನ ಸುವಾರ್ತೆ ಒಂದೇ ಕೂತಲ್ಲಿ ಓದಿ. ಒಂದೂವರೆ ಗಂಟೆ ಸಾಕು, ಒಂದು ಸಿನಿಮಾಕ್ಕಿಂತ ಕಡಿಮೆ. 16ರ 8ಕ್ಕೆ ಬಂದಾಗ ನಿಲ್ಲಿ: ಸಮಾಧಿ ಬರಿದಾಗಿದೆ, ಹೆಂಗಸರು ನಡುಗುತ್ತಾ ಓಡುತ್ತಿದ್ದಾರೆ. ಆಮೇಲೆ ಮುಂದಿನ 12 ವಚನಗಳನ್ನೂ ಓದಿ, ಅಡಿಟಿಪ್ಪಣಿ ಇದ್ದರೆ ಅದನ್ನೂ ಓದಿ. ಪ್ರಶ್ನೆ ಬಂದರೆ ಬರ್ಕೊಂಡು ಬನ್ನಿ, ತೆಲುಗು ಬೈಬಲ್ ಇರುವವರು ಅದನ್ನೂ ತನ್ನಿ, ಎರಡನ್ನೂ ಪಕ್ಕ ಇಟ್ಟು ನೋಡೋಣ. ಆ ತಮ್ಮನೂ ಬರ್ತೀನಿ ಅಂದಿದ್ದಾನೆ.

ಈಗ ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ.