ತೊಟ್ಟಿಯ ಮೀನೂ ಅಣುವ್ರತಿಯೂ

ಕಾರವಾರ ತಾಲೂಕಿನ ತೋಡೂರಿನಂತಹ ಕಡಲ ಸೀಮೆಯ ಊರಿನಲ್ಲಿ ಮೀನೆಂದರೆ ಬಲೆಯ ಮತ್ತು ಬುಟ್ಟಿಯ ಮಾತು. ಅಲ್ಲಿಯ ಶ್ರಾವಕನೊಬ್ಬನ ಮನೆಗೆ ಮಕ್ಕಳ ಹಟದಿಂದ ಗಾಜಿನ ತೊಟ್ಟಿಯೊಂದು ಬಂದಿತೆನ್ನಿ. ಅದರೊಳಗೆ ಬೇರೆ ಕಿರುಮೀನುಗಳೊಡನೆ ಜಗಳವಿಲ್ಲದೆ ಬಾಳುವ ಕುಬ್ಜ ಸಿಕ್ಲಿಡ್ ಜಾತಿಯ ಒಂದು ಜೋಡಿ. ಕೊಲ್ಲಲು ತಂದುದಲ್ಲ, ನೋಡಿ ನಲಿಯಲು ತಂದುದು. ಇದರಿಂದ ಅಹಿಂಸಾಣುವ್ರತಕ್ಕೆ ಊನವೆಲ್ಲಿ ಎಂದು ಮನೆಯ ಯಜಮಾನನು ಕೇಳುವುದು ಸಹಜ.

ಉಮಾಸ್ವಾಮಿಗಳು ಈ ವ್ರತದ ಅತಿಚಾರಗಳನ್ನು ಐದೆಂದು ಎಣಿಸಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಮೀನು ಪಂಚೇಂದ್ರಿಯ ಜೀವ. ಗಾಜು ಪಾರದರ್ಶಕವಾದ ಮಾತ್ರಕ್ಕೆ ಬಂಧವು ಬಂಧವಲ್ಲದೆ ಹೋಗದು.

ಹೊಳೆಯಲ್ಲಿ ಕೊಕ್ಕರೆಯ ಭಯವುಂಟು, ತೊಟ್ಟಿಯಲ್ಲಿ ಅಭಯವೆಂದು ವಾದಿಸುವವರಿದ್ದಾರೆ. ಆ ಅಭಯ ಸುಲಭದ್ದಲ್ಲ. ಮೀನು ವಿಸರ್ಜಿಸುವ ಅಮೋನಿಯ ಅದರ ಕಿವಿರುಗಳನ್ನೇ ಸುಡುತ್ತದೆ. ಅದನ್ನು ಪರಿವರ್ತಿಸುವ ಸೂಕ್ಷ್ಮಜೀವಿಗಳು ತೊಟ್ಟಿಯಲ್ಲಿ ನೆಲೆಗೊಳ್ಳಲು ಹಲವು ವಾರ ಬೇಕು. ತಂದ ದಿನವೇ ಹೊಸ ನೀರಿಗೆ ಮೀನು ಬಿಟ್ಟವನು ಅಕ್ಕರೆಯಿಂದಲೇ ಪೀಡೆ ಕೊಟ್ಟಂತಾಯಿತು. ಅಂಗಡಿಗಳಲ್ಲಿ ಮಾರುವ ರ‍್ಯಾಮ್ ಎಂಬ ಕುಬ್ಜ ಸಿಕ್ಲಿಡ್ (ಹೆಸರಿನಲ್ಲಿ ರಾಮನಿಲ್ಲ, ರಾಮಿರೆಜ್ ಎಂಬ ಸಂಗ್ರಾಹಕನ ಹೆಸರಿನ ತುಂಡು ಅದು) ದಕ್ಷಿಣ ಅಮೆರಿಕೆಯ ಒರಿನೊಕೊ ನದೀಸೀಮೆಯದು. 27ರಿಂದ 30 ಡಿಗ್ರಿ ಬಿಸುಪಿನ ಮೃದುವಾದ ನೀರು ಅದಕ್ಕೆ ಹಿತ. ಆಹಾರವೋ ಹುಳುಗಳು, ಒಣಗುಳಿಗೆ ಹಾಕಿದರೂ ಅದರಲ್ಲಿ ಸಾಮಾನ್ಯವಾಗಿ ಮೀನಿನ ಪುಡಿಯೇ ಇರುತ್ತದೆ. ರಾತ್ರಿಭೋಜನ ತ್ಯಜಿಸಿದ ಕೈಯೇ ಜೀವಂತ ಹುಳುಗಳನ್ನು ತೊಟ್ಟಿಗೆ ಸುರಿಯುವ ಪ್ರಸಂಗವನ್ನು ಹೇಗೆ ಸಮರ್ಥಿಸುವುದು?

ಇನ್ನು ಚತುರ್ದಶಿ. ಮನೆಯವರೆಲ್ಲ ಉಪವಾಸವೆಂದು ಮೀನಿಗೂ ಅಂದು ಆಹಾರ ನಿಲ್ಲಿಸಿ, ಅದಕ್ಕೂ ಪುಣ್ಯವಾಯಿತೆಂದು ಕೆಲವರು ಸಂತೋಷಪಡಬಹುದು. ಬೆಳೆದ ಮೀನಿಗೆ ಒಂದು ದಿನದ ಹಸಿವಿನಿಂದ ಕೇಡಿಲ್ಲ, ನಿಜ. ಆದರೆ ಸಂಕಲ್ಪವಿಲ್ಲದ ಉಪವಾಸವು ಉಪವಾಸವಲ್ಲ, ಬರಿಯ ಹಸಿವು. ಮಾಡಿಸಿದವನ ಪಾಲಿಗೆ ಅದು ಅನ್ನಪಾನನಿರೋಧ. ವ್ರತವನ್ನು ಇನ್ನೊಂದು ಜೀವದ ಮೇಲೆ ಹೇರಲು ಬಾರದು.

ಇಷ್ಟು ಕೇಳಿದ ಯಜಮಾನನು ಬೇಸತ್ತು, ಹಾಗಾದರೆ ಅವನ್ನು ಹಳ್ಳಕ್ಕೆ ಬಿಟ್ಟು ಅಭಯದಾನ ಮಾಡುತ್ತೇನೆ ಎನ್ನಬಹುದು. ಇಲ್ಲಿಯೇ ಹೆಚ್ಚು ಎಚ್ಚರ ಬೇಕು. ನೀರು ಸೋಸಿದ ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ಹಿರಿಯರು ಎಲ್ಲಿಯೋ ಚೆಲ್ಲುತ್ತಿರಲಿಲ್ಲ; ಯಾವ ಬಾವಿಯ ನೀರೋ ಆ ಬಾವಿಗೇ ಮೆಲ್ಲನೆ ಇಳಿಸುತ್ತಿದ್ದರು. ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ಬಾಳದೆಂಬ ಅರಿವು ಅವರಿಗಿತ್ತು. ಮೃಗಸೇನನೆಂಬ ಬೆಸ್ತನೂ ಮುನಿಗಳಿಂದ ವ್ರತ ಪಡೆದು, ಬಲೆಗೆ ಬಿದ್ದ ಮೊದಲ ಮೀನನ್ನು ಗುರುತು ಕಟ್ಟಿ ಬಿಟ್ಟುದು ಹಿಡಿದ ನದಿಗೇ. ಒರಿನೊಕೊದ ಮೀನನ್ನು ಇಲ್ಲಿಯ ಹಳ್ಳಕ್ಕೆ ಬಿಟ್ಟರೆ ಅದು ಸಾಯಬಹುದು. ಬದುಕಿ ಹೆಚ್ಚಿದರೆ ಇಲ್ಲಿಯವಕ್ಕೆ ಕಂಟಕ. ಸಿಕ್ಲಿಡ್ ಕುಲದ್ದೇ ಆದ ತಿಲಾಪಿಯವನ್ನು 1952ರಲ್ಲಿ ಭಾರತಕ್ಕೆ ತಂದ ಮೇಲೆ ಎಷ್ಟೋ ಕೆರೆಗಳಲ್ಲಿ ದೇಶೀಯ ಮೀನುಗಳು ಹಿಂದೆ ಬಿದ್ದವು. ನೆಲೆ ಕಳೆದುಕೊಳ್ಳುವುದೆಂದರೇನೆಂದು ತೋಡೂರಿಗೆ ವಿವರಿಸಬೇಕಾಗಿಲ್ಲ; ಸೀಬರ್ಡ್ ನೌಕಾನೆಲೆಗಾಗಿ ಊರು ತೊರೆದವರ ಕಾಲೊನಿ ಅಲ್ಲಿಯೇ ಇದೆ.

ಆದುದರಿಂದ ದೋಷದ ಮೂಲ ಕೊಳ್ಳುವ ಗಳಿಗೆಯಲ್ಲಿದೆ. ಕೊಂಡಾದ ಮೇಲೆ ಬಿಡುಗಡೆಯ ದಾರಿಯಿಲ್ಲ. ಚತುರ್ದಶಿಯಂದೂ ತಪ್ಪದೆ ನೋಡಿಕೊಂಡು, ಅವುಗಳ ಆಯುಷ್ಯ ತೀರುವವರೆಗೆ ಸಾಕಬೇಕು. ತೊಟ್ಟಿ ಬರಿದಾದಾಗ ಮಕ್ಕಳು ಮತ್ತೊಂದು ಜೋಡಿ ಕೇಳುವರು. ಆಗ ತಂದೆಯು ಅವರನ್ನು ಕರಾವಳಿಯ ಹಿನ್ನೀರಿನ ದಡಕ್ಕೆ ಕರೆದೊಯ್ಯಬಹುದು. ಅಂಗೈಯಷ್ಟೂ ಬೆಳೆಯದ ಕಿತ್ತಳೆ ಬಣ್ಣದ ಸಿಕ್ಲಿಡ್ ಈ ನಾಡಿನದೇ. ತಾಯಿತಂದೆಗಳೆರಡೂ ಮೊಟ್ಟೆ ಕಾಯುತ್ತವೆ. ಮರಿಗಳು ಅವುಗಳ ಮೈಗೆ ತಾಗಿ ತಾಗಿ ಮೈಮೇಲಿನ ಲೋಳೆಯನ್ನು ತಿನ್ನುತ್ತವೆ. ನೀರು ತಿಳಿಯಾಗಿದ್ದರೆ ದಡದಿಂದಲೇ ಕಾಣಲೂಬಹುದು.