ಸೋತ ವಿಧಿಯ ಲೆಕ್ಕ

ಕ್ಲೌಡ್ ಜಾಲಗಳ ರೂಟ್ ಟೇಬಲ್ ಓದುವುದು ನನ್ನ ಕೆಲಸ. ಓದುವುದಷ್ಟೇ, ತಿದ್ದುವವರು ಬೇರೆ.

ಒಂದು ಟೇಬಲ್ ಹೇಳುತ್ತೇನೆ. ಎಡಬ್ಲ್ಯೂಎಸ್‌ನ ಮುಂಬೈ ರೀಜನ್ನಿನಲ್ಲಿ ಒಂದು ವಿಪಿಸಿ, ಎಂದರೆ ಖಾಸಗಿ ಜಾಲ, 10.10.0.0/16. ಅದಕ್ಕೆ ಮೂರು ಸಾಲು. ಮೊದಲನೆಯದು ತನ್ನೊಳಗಿನ ವಿಳಾಸಗಳಿಗೆ. ಎರಡನೆಯದು 10.0.0.0/8ಕ್ಕೆ: 1 ಕೋಟಿ 67 ಲಕ್ಷಕ್ಕೂ ಹೆಚ್ಚಿರುವ ಆ ವಿಳಾಸಗಳಲ್ಲಿ ಎಲ್ಲಿಗೇ ಹೊರಟರೂ ಟ್ರಾನ್ಸಿಟ್ ಗೇಟ್‌ವೇ ದಾಟಿಯೇ ಹೋಗಬೇಕು, ಅಲ್ಲಿ ಫೈರ್‌ವಾಲ್ ತಪಾಸಣೆ ಮಾಡುತ್ತದೆ. ಮೂರನೆಯದು ಹೈದರಾಬಾದ್ ರೀಜನ್ನಿನ ವಿಪಿಸಿ 10.20.0.0/16ಕ್ಕೆ, ಎರಡು ವಿಪಿಸಿಗಳನ್ನು ನೇರವಾಗಿ ಬೆಸೆಯುವ ಪೀರಿಂಗ್ ಮೇಲೆ. ಹೈದರಾಬಾದಿಗೆ ಹೊರಟ ಪ್ಯಾಕೆಟ್ಟಿಗೆ ಎರಡನೆಯ ಸಾಲೂ ಅನ್ವಯಿಸುತ್ತದೆ, ಮೂರನೆಯದೂ ಅನ್ವಯಿಸುತ್ತದೆ. ಗೆಲ್ಲುವುದು ಮೂರನೆಯದು, ಏಕೆಂದರೆ ಹೆಚ್ಚು ನಿರ್ದಿಷ್ಟವಾದ ಪ್ರಿಫಿಕ್ಸೇ ಬಲಶಾಲಿ. ಹಾಗಾಗಿ ತಪಾಸಣೆ ತಪ್ಪುತ್ತದೆ. ಆದರೆ ಎರಡನೆಯ ಸಾಲು ಟೇಬಲ್ಲಿನಲ್ಲಿ ‘ಆ್ಯಕ್ಟಿವ್’ ಎಂದೇ ಇರುತ್ತದೆ. ಎಲ್ಲವೂ ತಪಾಸಣೆಯಾಗುತ್ತಿದೆಯೇ ಎಂದು ಕೇಳಿದರೆ ಅದನ್ನೇ ತೋರಿಸುತ್ತಾರೆ.

ಉಡುಪಿಯಲ್ಲಿರುವ ನಮ್ಮ ಚಿಕ್ಕಪ್ಪ ಮೀಮಾಂಸೆ ಓದಿಕೊಂಡವರು. ಇದನ್ನು ಕೇಳಿ, “ಸಾಮಾನ್ಯವನ್ನು ವಿಶೇಷ ಬಾಧಿಸುತ್ತದೆ, ಇದು ನಮ್ಮದೇ ಅಲ್ವಾ ಮಾರಾಯ” ಎಂದರು. ಒಪ್ಪಿದೆ. ಹೋಲಿಕೆ ಅಲ್ಲಿಗೇ ನಿಲ್ಲುವುದೂ ಇಲ್ಲ. ಎರಡು ರೂಟುಗಳ ಪ್ರಿಫಿಕ್ಸ್ ಒಂದೇ ಆದಾಗ, ಕೈಯಾರೆ ಬರೆದದ್ದು ತಾನಾಗಿ ಹರಡಿ ಬಂದದ್ದನ್ನು ಗೆಲ್ಲುತ್ತದೆ. ಮೀಮಾಂಸೆಯ ಮೂಲವಾದ ಜೈಮಿನಿಯ ಸೂತ್ರಗಳಲ್ಲೂ ಶ್ರುತಿಯಿಂದ ಸಮಾಖ್ಯೆಯವರೆಗೆ ಆರು ಪ್ರಮಾಣಗಳಿಗೆ ಇಂಥದೇ ಬಲಾಬಲದ ಸಾಲಿದೆ.

ಯಾರು ಗೆಲ್ಲುತ್ತಾರೆ ಎಂಬುದು ಸರಿ. ಸೋತದ್ದರ ಗತಿ ಏನು?

ಈ ಪ್ರಶ್ನೆಯ ಮೇಲೆ ಹಳೆಯ ಜಗಳವೊಂದಿದೆ. ಯಾವ ಪ್ರಾಣಿಯನ್ನೂ ಹಿಂಸಿಸಬಾರದು ಎಂಬುದು ಸಾಮಾನ್ಯ ನಿಷೇಧ. ಅಗ್ನೀಷೋಮರಿಗೆ ಪಶುವನ್ನು ಅರ್ಪಿಸಬೇಕು ಎಂಬುದು ವಿಶೇಷ ವಿಧಿ. ಮೀಮಾಂಸಕರಿಗೆ ಇಲ್ಲಿ ತೊಡಕಿಲ್ಲ: ವಿಶೇಷ ಬಂದ ಕಡೆ ನಿಷೇಧ ಹಿಂದೆ ಸರಿಯುತ್ತದೆ, ಯಜ್ಞದ ಹಿಂಸೆಗೆ ಪಾಪವಿಲ್ಲ. ಸಾಂಖ್ಯಕಾರಿಕೆಗೆ ‘ತತ್ತ್ವಕೌಮುದಿ’ ಬರೆದ ವಾಚಸ್ಪತಿಮಿಶ್ರ ಇದನ್ನು ಒಪ್ಪುವುದಿಲ್ಲ. (ಆತ ವೇದಾಂತಕ್ಕೆ ‘ಭಾಮತೀ’ಯನ್ನೂ ಬರೆದವನು, ಯಾವ ದರ್ಶನಕ್ಕೆ ಕೂತರೆ ಅದರ ವಕೀಲ.) ಒಂದು ವಾಕ್ಯ, ಹಿಂಸೆಯಿಂದ ಮಾಡಿದವನಿಗೆ ಕೇಡು ಎನ್ನುತ್ತದೆ, ಇನ್ನೊಂದು, ಪಶುವಿನಿಂದ ಯಜ್ಞಕ್ಕೆ ಉಪಕಾರ ಎನ್ನುತ್ತದೆ. ವಿರೋಧವಿದ್ದರಲ್ಲವೇ ಒಂದು ಇನ್ನೊಂದನ್ನು ಬಾಧಿಸುವುದು? ಇಲ್ಲಿ ಎರಡೂ ನಿಜ. ಯಜ್ಞವೂ ನಡೆಯುತ್ತದೆ, ಪಾಪವೂ ಅಂಟುತ್ತದೆ.

ನನ್ನ ಒಲವು ವಾಚಸ್ಪತಿಯ ಕಡೆಗೆ. ರೂಟರ್ ಮಟ್ಟಿಗೆ ಮೀಮಾಂಸಕರು ಹೇಳಿದ್ದು ಅಕ್ಷರಶಃ ಸರಿ: ಸೋತ ಸಾಲಿನಿಂದ ಪ್ಯಾಕೆಟ್ಟಿಗೆ ಏನೂ ಅಂಟುವುದಿಲ್ಲ. ಆದರೆ ತಪಾಸಣೆ ಬೇಕೆಂದು ಬರೆದದ್ದಕ್ಕೆ ಒಂದು ಕಾರಣವಿತ್ತು. ಪೀರಿಂಗ್ ಹಾಕಿದ್ದಕ್ಕೆ ಆ ಕಾರಣ ಸುಳ್ಳಾಗಲಿಲ್ಲ. ವೇಗ ಸಿಕ್ಕಿತು, ಟ್ರಾನ್ಸಿಟ್ ಗೇಟ್‌ವೇ ಪ್ರತಿ ಜಿಬಿಗೆ ಕೇಳುವ ಶುಲ್ಕ ಉಳಿಯಿತು. ಅಪಾಯ ಇದ್ದಲ್ಲೇ ಇದೆ.

ಚಿಕ್ಕಪ್ಪನದು ಮೂರನೆಯ ಪಕ್ಷ. ಮಧ್ವ ಸಂಪ್ರದಾಯದಲ್ಲಿ ಯಜ್ಞಕ್ಕೆ ಹಿಟ್ಟಿನ ಪಶು: ವಿಧಿಯನ್ನೂ ಬಿಡಬೇಡ, ಹಿಂಸೆಯನ್ನೂ ಮಾಡಬೇಡ. ನಮ್ಮಲ್ಲೂ ಅಂಥ ದಾರಿ ಇದೆ. ಹೈದರಾಬಾದಿನಲ್ಲೂ ಒಂದು ಟ್ರಾನ್ಸಿಟ್ ಗೇಟ್‌ವೇ ಇಟ್ಟು ಎರಡನ್ನೂ ಬೆಸೆದು, ಮೂರನೆಯ ಸಾಲನ್ನು ತೆಗೆದರೆ ಪ್ಯಾಕೆಟ್ಟೂ ತಲುಪುತ್ತದೆ, ತಪಾಸಣೆಯೂ ಆಗುತ್ತದೆ. ಖರ್ಚು ಹೆಚ್ಚು, ಅಷ್ಟೇ.

ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ಪೀರಿಂಗ್ ಅಳಿಸಿಹಾಕಿದರೂ ಮೂರನೆಯ ಸಾಲು ತಾನಾಗಿ ಹೋಗುವುದಿಲ್ಲ. ಅದರ ಸ್ಥಿತಿ ‘ಬ್ಲ್ಯಾಕ್‌ಹೋಲ್’ ಎಂದು ಬದಲಾಗುತ್ತದೆ, ಆದರೆ ಗೆಲ್ಲುವುದು ಆಗಲೂ ಅದೇ. ಹೈದರಾಬಾದಿಗೆ ಹೊರಟದ್ದೆಲ್ಲ ಅಲ್ಲೇ ಬಿದ್ದುಹೋಗುತ್ತದೆ. ಪಕ್ಕದ ಸಾಲಿನ ಸುತ್ತುದಾರಿ ತೆರೆದಿದ್ದರೂ ಅತ್ತ ತಿರುಗುವುದಿಲ್ಲ. ಅಪವಾದದ ಆಸರೆಯೇ ಹೋದ ಮೇಲೂ ಅಪವಾದದ ಆಳ್ವಿಕೆ! ವೈಯಾಕರಣರ ಬಳಿ ಇದಕ್ಕೊಂದು ನ್ಯಾಯವಿದೆ: ದೇವದತ್ತನನ್ನು ಕೊಂದವನನ್ನು ಕೊಂದರೂ ದೇವದತ್ತ ಎದ್ದು ಬರುವುದಿಲ್ಲ. ಜಾತಿ, ಮಡಿ, ಮೈಲಿಗೆಗಳಲ್ಲಿ ಇಂಥ ಎಷ್ಟು ಸಾಲುಗಳು ಇನ್ನೂ ಗೆಲ್ಲುತ್ತಿವೆಯೋ. ಜಾಲದಲ್ಲಿ, ಯಾವ ಸಂಚಾರವನ್ನು ಬಿಡಬೇಕೆನ್ನುವ ಸೆಕ್ಯುರಿಟಿ ಗ್ರೂಪಿನ ನಿಯಮಕ್ಕಾದರೂ ವಿವರಣೆ ಬರೆಯಲು ಒಂದು ಖಾನೆ ಉಂಟು. ರೂಟಿಗೆ ಅದೂ ಇಲ್ಲ. ಏಕೆ ಬರೆದರು ಎಂದು ಟೇಬಲ್ ಹೇಳುವುದಿಲ್ಲ.

ಪಾಪ ಅಂಟುವುದಾದರೆ ಯಾರಿಗೆ ಎಂದು ಚಿಕ್ಕಪ್ಪನನ್ನು ಕೇಳಿದೆ. ಪ್ಯಾಕೆಟ್ಟಿಗಂತೂ ಅಲ್ಲ, ವಿಧಿ ಇರುವುದು ಅಧಿಕಾರಿಗೆ ಮಾತ್ರ ಎಂದರು. ಬರೆದವನಿಗೆ, ಮತ್ತೆ ಓದಿ ಸುಮ್ಮನಿರುವ ನಿನಗೆ. ನನಗೆ ಹೇಗೆ? ನನ್ನ ಲಾಗಿನ್ನಿಗೆ ಓದುವ ಅನುಮತಿ ಬಿಟ್ಟರೆ ಬೇರೇನೂ ಇಲ್ಲ. ಅಧಿಕಾರವಿಲ್ಲದವನಿಗೆ ವಿಧಿಯೂ ಇಲ್ಲ ಎಂದು ಅವರ ಮಾತನ್ನೇ ಅವರಿಗೆ ತಿರುಗಿಸಿದೆ. ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ಅವರ ತೀರ್ಪಿಗೆ ಕಾಯದೆ ನೆಟ್‌ವರ್ಕ್ ತಂಡಕ್ಕೊಂದು ಟಿಕೆಟ್ ಹಾಕಿದ್ದೇನೆ.