ಚೆಟ್ಟಿನಾಡಿನ ಬಾಡಿಗೆ ಕೋಣೆ

ತಮಿಳುನಾಡಿನ ಕಾರೈಕುಡಿಯ ಸುತ್ತ ಮಹಲು ಕಟ್ಟಿಸಿದ ಚೆಟ್ಟಿಯಾರರು ಅವುಗಳಲ್ಲಿ ಬಾಳಿದ್ದು ಕಡಿಮೆ. ಲೇವಾದೇವಿ ರಂಗೂನು, ಕೊಲಂಬೊ, ಪೆನಾಂಗ್‌ನಲ್ಲಿ. ಊರಿಗೆ ಬರುತ್ತಿದ್ದುದು ಮದುವೆ ಮುಂಜಿಗೆ. ಈಗ ಬಾಡಿಗೆ ಕೊಟ್ಟು ಎರಡು ರಾತ್ರಿ ತಂಗಿ ಹೋಗುವವನು ಆ ಮನೆಯ ವಾಡಿಕೆಯನ್ನೇನೂ ಮುರಿದಿಲ್ಲ.

*

ಹೊಸ್ತಿಲಲ್ಲಿ ನಿಂತರೆ ಹಿತ್ತಲ ಬಾಗಿಲವರೆಗೂ ಕಾಣುತ್ತದೆ. ಇಷ್ಟು ಬಿಚ್ಚಿಟ್ಟ ಮನೆಯಲ್ಲಿ ಹಣದ ಗುಟ್ಟು ಮಾತ್ರ ಬಯಲಾಗುತ್ತಿರಲಿಲ್ಲ.

*

ಬರ್ಮಾದ ತೇಗ, ಇಟಲಿಯ ಅಮೃತಶಿಲೆ, ಬೆಲ್ಜಿಯಮ್ಮಿನ ಕನ್ನಡಿ ಎಂದು ಗೈಡು ಒಂದೊಂದಾಗಿ ತೋರಿಸುತ್ತಾನೆ. ಬರ್ಮಾದ ರೈತ ಕಟ್ಟಿದ ಬಡ್ಡಿ ಆ ಪಟ್ಟಿಯಲ್ಲಿ ಇರುವುದಿಲ್ಲ. 1930ರ ದಶಕದಲ್ಲಿ ಅಕ್ಕಿಯ ಬೆಲೆ ಕುಸಿದು ಸಾಲ ತೀರಿಸಲಾಗದೆ ಹೋದಾಗ, ಕೆಳ ಬರ್ಮಾದ ಗದ್ದೆಗಳಲ್ಲಿ ಸುಮಾರು ಕಾಲುಭಾಗ ಚೆಟ್ಟಿಯಾರರ ಪಾಲಾಯಿತು. 1942ರಲ್ಲಿ ಜಪಾನಿನ ಸೈನ್ಯ ಬಂತು; ಗದ್ದೆಯನ್ನು ಹೊತ್ತು ತರಲಾಗುವುದಿಲ್ಲವಲ್ಲ. ತೇಗದ ಕಂಬವನ್ನು ಮೆಚ್ಚಿಕೊಳ್ಳೋಣ, ಆದರೆ ಇದನ್ನೂ ತಿಳಿದು ಮೆಚ್ಚಿಕೊಳ್ಳೋಣ.

*

ತೊಟ್ಟಿಯ ಸುತ್ತ ಗಂಡುಮಕ್ಕಳಿಗೆ ತಲೆಗೊಂದು ಕೋಣೆ. ಅದರಲ್ಲಿ ಹೆಚ್ಚಾಗಿ ತುಂಬಿರುತ್ತಿದ್ದುದು ಸೊಸೆ ತವರಿನಿಂದ ತಂದ ಪಾತ್ರೆಪಡಗ. ಜನ ಉಂಡದ್ದು, ಹರಟಿದ್ದು, ಮಲಗಿದ್ದು ಪಡಸಾಲೆಯ ಗಾಳಿಯಲ್ಲಿ. ಅತಿಥಿಗೃಹವಾದ ಮೇಲೆ ಪಾತ್ರೆಯ ಕೋಣೆಗೆ ಎ.ಸಿ. ಹಾಕಿ, ಬಚ್ಚಲು ಸೇರಿಸಿ, ಮನುಷ್ಯನನ್ನು ಅಲ್ಲಿ ಮಲಗಿಸುತ್ತಾರೆ. ಪಡಸಾಲೆಗೆ ಹಳೆಯ ಹಿತ್ತಾಳೆ ಪಾತ್ರೆಗಳನ್ನು ತಂದು ಜೋಡಿಸುತ್ತಾರೆ.

*

ತಿಣ್ಣೆಯ ಮೇಲೆ ಹಿಂದೆ ಲೆಕ್ಕಪತ್ರ ನಡೆಯುತ್ತಿತ್ತು. ಈಗ ಅಲ್ಲಿ ರಿಸೆಪ್ಷನ್. ಕಸುಬು ಬದಲಿಸದ ಜಾಗ ಇದೊಂದೇ.

*

ಸುಣ್ಣದ ಗೋಡೆಗೆ ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಗಾರೆ ಉದುರುತ್ತದೆ. ಬೇಗ ಮುಗಿಸಿಕೊಡುವ ಗುತ್ತಿಗೆದಾರನೇ ಕೊನೆಗೆ ದುಬಾರಿ.

*

ಆತಂಗುಡಿಯ ಟೈಲ್ಸಿಗೆ ಭಟ್ಟಿ ಬೇಡ. ಗಾಜಿನ ಮೇಲೆ ಬಣ್ಣದ ಸಿಮೆಂಟು ಹೊಯ್ದು, ನೀರಿನಲ್ಲಿ ನೆನೆಸಿ, ಒಣಗಿಸುತ್ತಾರೆ. ನುಣುಪು ಗಾಜಿನಿಂದ ಬಂದದ್ದು. ಹೊಳಪು ಬರಿಗಾಲಿನಿಂದ, ಒರೆಸುವ ಕೈಯಿಂದ ಬರಬೇಕು. ಬೀಗ ಹಾಕಿದ ಮನೆಯಲ್ಲಿ ಮೊದಲು ಮಂಕಾಗುವುದು ನೆಲ. ಬಾಡಿಗೆಯವರ ಪರವಾಗಿ ನಾನು ಕೊಡಬಲ್ಲ ಒಳ್ಳೆಯ ಸಾಕ್ಷ್ಯ ಇದು.

*

ಮುರಿದ ಮನೆಗಳ ಬಾಗಿಲು, ಕಂಬ, ಎನಾಮೆಲ್ ಡಬ್ಬಿಗಳೆಲ್ಲ ಕಾರೈಕುಡಿಯ ಹಳೆ ಸಾಮಾನಿನ ಅಂಗಡಿಗಳಿಗೆ ಬರುತ್ತವೆ. ಒಂದು ಮಹಲು ಚೆಂದವಾಗಿ ಎದ್ದು ನಿಂತಿದೆ ಎಂದರೆ, ಅದರ ಕಂಬ ಯಾವ ಮಹಲಿನದು ಎಂದು ಕೇಳುವುದರಲ್ಲಿ ತಪ್ಪಿಲ್ಲ.

*

ಕಾನಾಡುಕಾತ್ತಾನಿನ ವಿಶಾಲಂ ತಂದೆಯೊಬ್ಬ ಮಗಳಿಗೆಂದು ಕಟ್ಟಿಸಿದ ಮನೆ. ಈಗ ಹೋಟೆಲು. ಗಂಡಸರು ಕಡಲಾಚೆ ಇದ್ದ ವರ್ಷಗಳಲ್ಲಿ ಈ ಊರುಗಳ ಮನೆಗಳನ್ನೆಲ್ಲ ನಡೆಸಿದವರು ಹೆಂಗಸರೇ. ಮನೆಗೆ ಅವರ ಹೆಸರು ಸಿಕ್ಕಿದ್ದು ಅಪರೂಪಕ್ಕೆ.

*

ಕಟ್ಟಿಸಿದವನು ಒಬ್ಬ. ರುಜು ಹಾಕಬೇಕಾದವರು ಚೆನ್ನೈ, ಸಿಂಗಪುರ, ಅಮೆರಿಕದಲ್ಲಿ ಹರಡಿದ್ದಾರೆ. ಒಬ್ಬ ಒಪ್ಪದಿದ್ದರೆ ಮಾರುವಂತಿಲ್ಲ, ಕೆಡವುವಂತಿಲ್ಲ, ರಿಪೇರಿಯೂ ಇಲ್ಲ. ಎಷ್ಟೋ ಮಹಲುಗಳನ್ನು ಉಳಿಸಿದ್ದು ದಾಯಾದಿ ಜಗಳ. ಸೋರಿಸಿ ಸೋರಿಸಿ ಕೊಂದದ್ದೂ ಅದೇ.

*

ಎಲ್ಲರೂ ಒಪ್ಪಿ ಮನೆಯನ್ನು ಅತಿಥಿಗೃಹಕ್ಕೆ ಕೊಟ್ಟರು ಎನ್ನಿ. ನಾಳೆ ಪಾಲುದಾರನೊಬ್ಬ ಮಗಳ ಮದುವೆಗೆ ಬಂದು ಅಜ್ಜನ ಕೋಣೆ ಕೇಳಿದರೆ ಅವನಿಂದ ಬಾಡಿಗೆ ತೆಗೆದುಕೊಳ್ಳಬೇಕೆ? ಕರಾರುಪತ್ರ ಬರೆಯುವಾಗಲೇ ಇದನ್ನು ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು.